ಐರೋಪ್ಯ ಒಕ್ಕೂಟದ ನೀತಿ ರೂಪಣೆಯಲ್ಲಿ ರಾಷ್ಟ್ರೀಯ ವಾಣಿಜ್ಯ ಸಂಘಗಳ ಪಾತ್ರ: ಬೆಳೆಗಾರರು ಹಾಗೂ ರಫ್ತುದಾರರ ಮಾಹಿತಿಗಾಗಿ

ಪೀಠಿಕೆ

ಐರೋಪ್ಯ ಒಕ್ಕೂಟದ 27 ಸದಸ್ಯ ರಾಷ್ಟ್ರಗಳಿಗೆ ಸಮಾನವಾಗಿ ಅನ್ವಯವಾಗುವ ನಿಯಮಗಳು, ಒಕ್ಕೂಟಕ್ಕೆ ಸರಕು ಕಳುಹಿಸುವ ಹೊರದೇಶದವರಿಗೂ ಪರೋಕ್ಷವಾಗಿ ಅನ್ವಯವಾಗುತ್ತವೆ. ಭಾರತದ ಕಾಫಿ ಉತ್ಪಾದನೆಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದಾಗಿದ್ದು, ಇಟಲಿ, ಜರ್ಮನಿ ಮತ್ತು ಬೆಲ್ಜಿಯಂ ಪ್ರಮುಖ ಖರೀದಿದಾರ ರಾಷ್ಟ್ರಗಳಾಗಿವೆ. ಆದ್ದರಿಂದ ಸದರಿ ನಿಯಮಗಳು ಯಾರ ಮಾತಿನಿಂದ, ಯಾವ ಹಂತದಲ್ಲಿ ರೂಪುಗೊಳ್ಳುತ್ತವೆ ಎಂಬುದನ್ನು ಕೊಡಗು, ಚಿಕ್ಕಮಗಳೂರು ಹಾಗೂ ಹಾಸನ ಜಿಲ್ಲೆಗಳ ಬೆಳೆಗಾರರು ತಿಳಿದಿರುವುದು ಉಪಯುಕ್ತ.

ನೀತಿ ನಿರೂಪಕರ ಮನವೊಲಿಸುವ ಕಾರ್ಯಕ್ಕೆ ಲಾಬಿ ಎನ್ನಲಾಗುತ್ತದೆ. ನಮ್ಮಲ್ಲಿ ಈ ಪದಕ್ಕೆ ತೆರೆಮರೆಯ ವ್ಯವಹಾರವೆಂಬ ಅರ್ಥ ಅಂಟಿಕೊಂಡಿದೆ. ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ಅದು ನೋಂದಣಿಗೆ ಒಳಪಟ್ಟ ವೃತ್ತಿ.

ಎರಡು ಮಾರ್ಗಗಳು

ಒಕ್ಕೂಟದಲ್ಲಿ ಶಾಸನದ ಕರಡನ್ನು ಮಂಡಿಸುವ ಅಧಿಕಾರ ಐರೋಪ್ಯ ಆಯೋಗಕ್ಕಿದೆ. ಅದನ್ನು ತಿದ್ದಿ ಅಂಗೀಕರಿಸುವವರು ಜನರಿಂದ ಚುನಾಯಿತವಾದ ಐರೋಪ್ಯ ಸಂಸತ್ತು ಹಾಗೂ ಸದಸ್ಯ ರಾಷ್ಟ್ರಗಳ ಸಚಿವರ ಪರಿಷತ್ತು. ಒಂದು ದೇಶದ ವಾಣಿಜ್ಯ ಸಂಘವು ಮೊದಲನೆಯದಾಗಿ ತನ್ನದೇ ಸರ್ಕಾರದ ಸಚಿವಾಲಯದ ಮೂಲಕ ಪರಿಷತ್ತನ್ನು ತಲುಪುತ್ತದೆ. ಎರಡನೆಯದಾಗಿ, ತಾನು ಸದಸ್ಯನಾಗಿರುವ ಐರೋಪ್ಯ ಮಟ್ಟದ ಮಹಾಮಂಡಲದ ಮೂಲಕ ಆಯೋಗ ಮತ್ತು ಸಂಸತ್ತನ್ನು ತಲುಪುತ್ತದೆ. 1958ರಲ್ಲಿ ಸ್ಥಾಪಿತವಾಗಿ 2007ರಲ್ಲಿ ಬಿಸಿನೆಸ್‌ಯುರೋಪ್ ಎಂಬ ಹೆಸರು ಪಡೆದ ಸಂಸ್ಥೆಯು ಜರ್ಮನಿಯ ಬಿಡಿಐ, ಇಟಲಿಯ ಕಾನ್ಫಿಂಡಸ್ಟ್ರಿಯಾ, ಫ್ರಾನ್ಸಿನ ಮೆಡೆಫ್ ಮೊದಲಾದ ರಾಷ್ಟ್ರೀಯ ಕೈಗಾರಿಕಾ ಸಂಘಗಳ ಮಹಾಮಂಡಲವಾಗಿದೆ. ರೈತ ಸಂಘಗಳು ಹಾಗೂ ಕೃಷಿ ಸಹಕಾರ ಸಂಘಗಳಿಗೆ ಕೋಪಾ-ಕೊಜೆಕಾ ಇದೆ. ಕಾಫಿ ವ್ಯಾಪಾರಕ್ಕೆ ಐರೋಪ್ಯ ಕಾಫಿ ಮಹಾಮಂಡಲವಿದೆ.

ಮಹಾಮಂಡಲದ ಮಾತಿಗೆ ತೂಕ ಹೆಚ್ಚು, ಆದರೆ ಹರಿತ ಕಡಿಮೆ. ಎಲ್ಲ ದೇಶಗಳ ಸದಸ್ಯರೂ ಒಪ್ಪುವ ನಿಲುವನ್ನಷ್ಟೇ ಅದು ಮಂಡಿಸಬಹುದು. ಈ ಕಾರಣದಿಂದಲೇ ದೊಡ್ಡ ರಾಷ್ಟ್ರೀಯ ಸಂಘಗಳು ಬ್ರಸೆಲ್ಸ್‌ನಲ್ಲಿ ಪ್ರತ್ಯೇಕ ಕಚೇರಿಯನ್ನೂ ಹೊಂದಿರುತ್ತವೆ. ಸಣ್ಣ ಸಂಘಗಳಿಗೆ ಈ ವೆಚ್ಚ ಭರಿಸುವುದು ಕಷ್ಟ.

ಕರಡು ಸಿದ್ಧವಾಗುವ ಮುನ್ನ ಆಡಿದ ಮಾತಿಗೆ ಬೆಲೆ ಹೆಚ್ಚು. ಆಯೋಗದ ಅಧಿಕಾರಿಗಳಿಗೆ ಪ್ರತಿಯೊಂದು ಉದ್ಯಮದ ಅಂಕಿಅಂಶ ಮತ್ತು ತಾಂತ್ರಿಕ ವಿವರ ಬೇಕಾಗಿದ್ದು, ಅವುಗಳನ್ನು ಕ್ರೋಡೀಕರಿಸಿ ಒದಗಿಸುವ ಸಂಘಕ್ಕೆ ಪ್ರವೇಶ ಸುಲಭವಾಗುತ್ತದೆ.

ಅರಣ್ಯನಾಶ ತಡೆ ನಿಯಮದ ನಿದರ್ಶನ

ಕಾಫಿ, ಕೋಕೋ, ರಬ್ಬರ್, ತಾಳೆ, ಸೋಯಾ, ಮರ ಮತ್ತು ಜಾನುವಾರು ಹಾಗೂ ಇವುಗಳಿಂದ ತಯಾರಾದ ಹಲವು ಉತ್ಪನ್ನಗಳು 2020ರ ಡಿಸೆಂಬರ್ 31ರ ನಂತರ ಅರಣ್ಯ ಕಡಿದ ಭೂಮಿಯಿಂದ ಬಂದಿರಬಾರದೆಂಬ ನಿಯಮದ ಕರಡನ್ನು ಆಯೋಗವು 2021ರ ನವೆಂಬರ್‌ನಲ್ಲಿ ಮಂಡಿಸಿತು. ಅದಕ್ಕೂ ಮುನ್ನ 2020ರಲ್ಲಿ ನಡೆದ ಸಾರ್ವಜನಿಕ ಸಮಾಲೋಚನೆಗೆ ಸುಮಾರು 12 ಲಕ್ಷ ಪ್ರತಿಕ್ರಿಯೆಗಳು ಬಂದಿದ್ದವು. ನಿಯಮವು 2023ರ ಜೂನ್ 29ರಂದು ಜಾರಿಗೆ ಬಂದಿತು. ದೊಡ್ಡ ವ್ಯಾಪಾರಿಗಳು 2024ರ ಡಿಸೆಂಬರ್ 30ರಿಂದ ಪಾಲಿಸಬೇಕಿತ್ತು.

ಆ ಬಳಿಕ ಎರಡೂ ಮಾರ್ಗಗಳಲ್ಲಿ ಒತ್ತಡ ಹೆಚ್ಚಿತು. ಕೃಷಿಕರ ಹಾಗೂ ಅರಣ್ಯ ಮಾಲೀಕರ ಸಂಘಗಳು ತಮ್ಮ ಕೃಷಿ ಸಚಿವರ ಮೊರೆ ಹೋದವು. 2024ರ ಮಾರ್ಚ್‌ನಲ್ಲಿ ಆಸ್ಟ್ರಿಯಾ ಈ ವಿಷಯವನ್ನು ಪರಿಷತ್ತಿನಲ್ಲಿ ಎತ್ತಿದಾಗ ಹಲವು ರಾಷ್ಟ್ರಗಳು ದನಿಗೂಡಿಸಿದವು. ಮುದ್ರಣ ಉದ್ಯಮದ ರಾಷ್ಟ್ರೀಯ ಸಂಘಗಳು ತಮ್ಮ ಮಹಾಮಂಡಲವಾದ ಇಂಟರ್‌ಗ್ರಾಫ್ ಮೂಲಕ ಮುದ್ರಿತ ವಸ್ತುಗಳನ್ನು ಕೈಬಿಡುವಂತೆ ಕೋರಿದವು. ಉದ್ಯಮದ ದನಿ ಒಂದೇ ಆಗಿರಲಿಲ್ಲವೆಂಬುದೂ ಗಮನಾರ್ಹ: ಸಿದ್ಧತೆಗೆ ಈಗಾಗಲೇ ಹಣ ತೊಡಗಿಸಿದ್ದ ಕೆಲವು ದೊಡ್ಡ ಆಹಾರ ಕಂಪನಿಗಳು ಮುಂದೂಡಿಕೆಯನ್ನು ವಿರೋಧಿಸಿದವು.

ಅನುಷ್ಠಾನವನ್ನು 2024ರ ಡಿಸೆಂಬರ್‌ನಲ್ಲಿ ಒಂದು ವರ್ಷ, 2025ರ ಡಿಸೆಂಬರ್‌ನಲ್ಲಿ ಮತ್ತೊಂದು ವರ್ಷ ಮುಂದೂಡಲಾಯಿತು. ಎರಡನೆಯ ತಿದ್ದುಪಡಿಯಲ್ಲಿ ದೊಡ್ಡ ಹಾಗೂ ಮಧ್ಯಮ ವ್ಯಾಪಾರಿಗಳಿಗೆ 2026ರ ಡಿಸೆಂಬರ್ 30 ಎಂದು ನಿಗದಿಪಡಿಸಲಾಯಿತು. ಮುದ್ರಿತ ವಸ್ತುಗಳನ್ನು ನಿಯಮದಿಂದ ಹೊರಗಿಡಲಾಯಿತು. ಕಡಿಮೆ ಅಪಾಯದ ದೇಶಗಳಲ್ಲಿ, ತಮ್ಮ ಬೆಳೆಯನ್ನು ತಾವೇ ಒಕ್ಕೂಟದ ಮಾರುಕಟ್ಟೆಗೆ ಇಳಿಸುವ ಸಣ್ಣ ಉತ್ಪಾದಕರಿಗೆ ಸರಳ ಘೋಷಣೆಯ ರಿಯಾಯಿತಿಯನ್ನೂ ನೀಡಲಾಯಿತು.

ಈ ಕೊನೆಯ ಅಂಶವನ್ನು ನಮ್ಮ ಬೆಳೆಗಾರರು ಎಚ್ಚರಿಕೆಯಿಂದ ಓದಬೇಕು. 2025ರ ಮೇ ತಿಂಗಳಲ್ಲಿ ಆಯೋಗವು ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿಸಿತು. ಆದರೆ ಕ್ಯೂರಿಂಗ್ ಕಾರ್ಖಾನೆಗೆ ಅಥವಾ ವ್ಯಾಪಾರಿಗೆ ಕಾಫಿ ಮಾರುವ ಬೆಳೆಗಾರನು ಸದರಿ ರಿಯಾಯಿತಿಯ ವ್ಯಾಖ್ಯೆಗೆ ಬರುವುದಿಲ್ಲ. ಅದರ ಪ್ರಯೋಜನ ಮುಖ್ಯವಾಗಿ ಯುರೋಪಿನ ರೈತರು ಮತ್ತು ಅರಣ್ಯ ಮಾಲೀಕರಿಗೆ ದೊರೆಯುತ್ತದೆ. ಅದನ್ನು ಕೇಳಿದವರೂ ಅವರ ಸಂಘಗಳೇ. ಇಲ್ಲಿನ ಕಾಫಿಗೆ ತೋಟದ ಅಕ್ಷಾಂಶ-ರೇಖಾಂಶದ ವಿವರವನ್ನು ಖರೀದಿದಾರರು ಕೇಳುತ್ತಾರೆ. ಪಹಣಿಯ ಸರ್ವೆ ನಂಬರ್ ಇದಕ್ಕೆ ಸಾಲದು. 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆಗೆ ಮೀರಿದ ತೋಟಕ್ಕೆ ಒಂದು ಬಿಂದುವಿನ ಬದಲು ಪೂರ್ಣ ಗಡಿರೇಖೆಯನ್ನು ನೀಡಬೇಕು.

ಪಾರದರ್ಶಕ ನೋಂದಣಿ

ಆಯೋಗ ಹಾಗೂ ಸಂಸತ್ತು 2011ರಲ್ಲಿ ಜಂಟಿ ನೋಂದಣಿ ಪುಸ್ತಕವನ್ನು ಆರಂಭಿಸಿದವು. 2021ರಲ್ಲಿ ಪರಿಷತ್ತೂ ಅದಕ್ಕೆ ಸೇರಿತು. ಇದರಲ್ಲಿ 12 ಸಾವಿರಕ್ಕೂ ಹೆಚ್ಚು ಸಂಸ್ಥೆಗಳಿವೆ; ಪ್ರತಿಯೊಂದೂ ತನ್ನ ಆಸಕ್ತಿಯ ವಿಷಯಗಳನ್ನು ಬಹಿರಂಗಪಡಿಸಬೇಕು. ಆಯೋಗದ ಸದಸ್ಯರು ಲಾಬಿದಾರರೊಂದಿಗೆ ನಡೆಸಿದ ಭೇಟಿಗಳನ್ನು 2014ರ ಡಿಸೆಂಬರ್‌ನಿಂದ ಪ್ರಕಟಿಸಲಾಗುತ್ತಿದೆ. ಕೇವಲ ಪುಸ್ತಕವಿದ್ದ ಮಾತ್ರಕ್ಕೆ ಎಲ್ಲವೂ ಬೆಳಕಿಗೆ ಬರುವುದಿಲ್ಲ. ಒಂದು ಸಂಘವು ತನ್ನ ರಾಜಧಾನಿಯಲ್ಲಿ ತನ್ನದೇ ಸಚಿವರನ್ನು ಕಂಡರೆ ಆ ಭೇಟಿ ಇಲ್ಲಿ ದಾಖಲಾಗುವುದಿಲ್ಲ.

ಭಾರತದವರಿಗೆ ಲಭ್ಯವಿರುವ ಅವಕಾಶಗಳು

ಹೊರದೇಶದ ಸಂಘಗಳೂ ಸದರಿ ಪುಸ್ತಕದಲ್ಲಿ ನೋಂದಾಯಿಸಿಕೊಳ್ಳಬಹುದು. ಆಯೋಗದ ಸಾರ್ವಜನಿಕ ಸಮಾಲೋಚನೆಗೆ ಯಾವುದೇ ದೇಶದ ವ್ಯಕ್ತಿ ಅಥವಾ ಸಂಘ ಶುಲ್ಕವಿಲ್ಲದೆ ಪ್ರತಿಕ್ರಿಯೆ ಸಲ್ಲಿಸಬಹುದಾಗಿದ್ದು, ಇಂಗ್ಲಿಷಿನಲ್ಲಿ ಬರೆದರೆ ಸಾಕು. ಸಮಾಲೋಚನೆಯ ಅವಧಿ ಸಾಮಾನ್ಯವಾಗಿ 12 ವಾರ. ಕರಡು ಮಂಡನೆಯ ನಂತರ 8 ವಾರ. ಅನುಷ್ಠಾನ ಆದೇಶಗಳ ಕರಡಿಗೆ ಕೇವಲ 4 ವಾರಗಳಿದ್ದು, ಈ ಅವಧಿಯು ಗಮನಕ್ಕೆ ಬಾರದೆಯೇ ಕಳೆದುಹೋಗುವುದುಂಟು. ಸರ್ಕಾರದ ಮಟ್ಟದಲ್ಲಿ ಆಕ್ಷೇಪಣೆ ಸಲ್ಲಿಸಬೇಕಾದಲ್ಲಿ ಸಂಘಗಳು ಕೇಂದ್ರ ವಾಣಿಜ್ಯ ಸಚಿವಾಲಯಕ್ಕೆ ಮನವಿ ಸಲ್ಲಿಸತಕ್ಕದ್ದು. ಕಾಫಿ ಬೆಳೆಗಾರರು ತೋಟದ ವಿವರಗಳ ನೋಂದಣಿ ಕುರಿತು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಕಾಫಿ ಮಂಡಳಿಯ ತಮ್ಮ ಸಮೀಪದ ಕಚೇರಿಯಲ್ಲಿ ವಿಚಾರಿಸಬಹುದು.