ಶಾಹಿ ಹಮಾಮ್, ಬೀದರ್

ಬೀದರ್ ಕೋಟೆಯೊಳಗೆ ಲಾಲ್‌ಬಾಗ್ ಮತ್ತು ಸೋಲಾ ಖಂಬ ಮಸೀದಿಯ ಸಮೀಪವಿರುವ ಅರಮನೆಯ ಸ್ನಾನಗೃಹ. ಬಹಮನಿ ಸುಲ್ತಾನ ಅಹ್ಮದ್ ಷಾ 15ನೇ ಶತಮಾನದ ಮೊದಲ ಭಾಗದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ. ಬಹಮನಿ ಆಳ್ವಿಕೆಯಲ್ಲಿ ಪರ್ಷಿಯಾದ ವಿದ್ವಾಂಸರು, ವ್ಯಾಪಾರಿಗಳು, ಕುಶಲಕರ್ಮಿಗಳು ಇಲ್ಲಿ ನೆಲೆಸಿದರು. ಹಮಾಮಿನ ರೂಢಿ ಆ ನಂಟಿಗೆ ಸೇರಿದ್ದು.

ಪರ್ಷಿಯಾದ ಹಮಾಮಿನಲ್ಲಿ ಬಟ್ಟೆ ಕಳಚುವ ತಂಪು ಕೋಣೆಯಿಂದ ಸುತ್ತುದಾರಿಯಲ್ಲಿ ಬಿಸಿಕೋಣೆಗೆ ಹೋಗಬೇಕು. ಒಳಗಿನ ಕಾವು ಸೋರಿಹೋಗದಿರಲೆಂದೇ ಆ ತಿರುವು. ಒಲೆಯ ಬಿಸಿಹೊಗೆ ನೆಲದಡಿಯ ಕಾಲುವೆಗಳಲ್ಲಿ ಹರಿದು ಕಲ್ಲುಹಾಸನ್ನು ಕಾಯಿಸುತ್ತದೆ. ಗುಮ್ಮಟದ ಗಾಜಿನ ಕಿಂಡಿಗಳು ಬೆಳಕು ಕೊಡುತ್ತವೆ. ಇರಾನಿನ ಕಾಶಾನ್‌ನಲ್ಲಿರುವ ಸುಲ್ತಾನ್ ಅಮೀರ್ ಅಹ್ಮದ್ ಹಮಾಮ್ ಊರ ಜನರದ್ದಾಗಿತ್ತು, ಬೀದರಿನದು ರಾಜಮನೆತನದ್ದು.

ಕಟ್ಟಡವು ಮುಂದೆ ಪುರಾತತ್ವ ವಸ್ತುಸಂಗ್ರಹಾಲಯವಾಗಿ ಬಳಕೆಗೆ ಬಂತು. ಪ್ರದರ್ಶಿತ ವಸ್ತುಗಳಷ್ಟೇ ಗಮನವನ್ನು ಇಲ್ಲಿನ ಕಮಾನು, ಚಾವಣಿಗಳಿಗೂ ಕೊಡಬೇಕು. ಬಂದವರು ನೌಬಾದ್‌ನ ಕರೇಜನ್ನೂ ನೋಡದೆ ಹೋಗಬಾರದು. ಅಂತರ್ಜಲವನ್ನು ಇಳಿಜಾರಿನ ಸುರಂಗದಲ್ಲಿ ಹರಿಸುವ, ಗಾಳಿಗೆ ಮತ್ತು ಹೂಳೆತ್ತಲು ಬಾವಿಯಂಥ ಕಂಡಿಗಳುಳ್ಳ ಈ ವ್ಯವಸ್ಥೆಯೂ ಪರ್ಷಿಯಾ ಮೂಲದ್ದೇ. ಹಂಪಿಯ ರಾಣಿ ಸ್ನಾನಗೃಹವನ್ನು ಹಮಾಮಿನ ಬಗೆಯದೆಂದು ಎಣಿಸುವುದು ಸರಿಯಲ್ಲ: ಕಮಾನುಗಳಿದ್ದರೂ ಅದರ ನಡುವಿನದು ಆಕಾಶಕ್ಕೆ ತೆರೆದ ಕೊಳ.