ಪುಣ್ಯಕೋಟಿ (ಆನಿಮೇಷನ್ ಚಿತ್ರ)

ಮಕ್ಕಳ ಪಠ್ಯಗಳ ಮೂಲಕ ಕರ್ನಾಟಕದ ಮನೆಮನೆಗೆ ತಲುಪಿದ ‘ಗೋವಿನ ಹಾಡು’ ಎಂಬ ಕಥನಗೀತೆಯನ್ನು ಆಧರಿಸಿದ ಸಂಸ್ಕೃತ ಚಿತ್ರ. ನಿರ್ದೇಶನ ವಿ. ರವಿಶಂಕರ್ ಅವರದು, ಸಂಗೀತ ಇಳಯರಾಜ ಅವರದು. ನಟಿ ರೇವತಿ ಇದಕ್ಕೆ ಕಂಠದಾನ ಮಾಡಿದ್ದಾರೆ. ಸಾರ್ವಜನಿಕರಿಂದ ಹಣ ಕೂಡಿಸಿ ನಿರ್ಮಿಸಿದ ಈ ಚಿತ್ರ 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾಯಿತು. ಸಂಸ್ಕೃತದ ಮೊದಲ ಆನಿಮೇಷನ್ ಚಿತ್ರವೆಂದು ಇದನ್ನು ಗುರುತಿಸಲಾಗುತ್ತದೆ.

ಕಥೆ

ಹಾಡಿನಲ್ಲಿ ಕರ್ಣಾಟ ದೇಶದ ಗೊಲ್ಲ ಕಾಳಿಂಗ ಮಾವಿನ ಮರದಡಿ ಕೂತು ಕೊಳಲೂದಿ ತನ್ನ ಆಕಳುಗಳನ್ನು ಹೆಸರು ಹಿಡಿದು ಕರೆಯುತ್ತಾನೆ. ಮೇವು ಮುಗಿಸಿ ಕರುವಿನ ನೆನಪಲ್ಲಿ ದೊಡ್ಡಿಗೆ ಮರಳುತ್ತಿದ್ದ ಪುಣ್ಯಕೋಟಿ ಎಂಬ ಆಕಳನ್ನು ಹಸಿದ ಹುಲಿ ಅರ್ಬುತ ಅಡ್ಡಗಟ್ಟುತ್ತದೆ. ಕರುವಿಗೆ ಕೊನೆಯ ಸಲ ಮೊಲೆಯುಣಿಸಿ ಬರುತ್ತೇನೆಂದು ಮಾತು ಕೊಟ್ಟು ಹೋದ ಆಕಳು, ಕರುವನ್ನು ಒಡಹುಟ್ಟಿದ ಆಕಳುಗಳಿಗೆ ಒಪ್ಪಿಸಿ ಗವಿಯ ಬಾಗಿಲಿಗೆ ತಾನಾಗಿ ಬಂದು ನಿಲ್ಲುತ್ತದೆ. ಹುಲಿ ಅದನ್ನು ತಿನ್ನಲಾರದೆ ಮೇಲಕ್ಕೆ ನೆಗೆದು ಪ್ರಾಣ ಬಿಡುತ್ತದೆ.

ಪಠ್ಯಪುಸ್ತಕಗಳಲ್ಲಿ ಬರುವುದು ಹಾಡಿನ ಸಂಕ್ಷಿಪ್ತ ರೂಪ. ದೀರ್ಘ ಪಾಠಗಳು ಹುಲಿಯ ಸಾವಿಗೆ ನಿಲ್ಲದೆ, ಗೊಲ್ಲರು ಸಂಕ್ರಾಂತಿಯಂದು ಕೃಷ್ಣನನ್ನು ನೆನೆಯುವ ಪ್ರಸಂಗದವರೆಗೂ ಸಾಗುತ್ತವೆ. ಹಾಡು ದನಗಾಹಿಗಳ ಆಚರಣೆಗೆ ಅಂಟಿಕೊಂಡಿತ್ತೆಂದು ಊಹಿಸಲು ಈ ಭಾಗವೇ ಮುಖ್ಯ ಆಧಾರ. ಶಾಲೆಯ ಪಾಠದಲ್ಲಿ ಇದು ಬಿಟ್ಟುಹೋದದ್ದರಿಂದ ಹಾಡು ಬರಿಯ ನೀತಿಕಥೆಯಾಗಿ ಉಳಿಯಿತು ಎನ್ನಬಹುದು.

ಮೂಲ ಮತ್ತು ಸಮಾನಾಂತರ ಕಥೆಗಳು

ಹಾಡನ್ನು ಕಟ್ಟಿದವರ ಹೆಸರು ಉಳಿದಿಲ್ಲ. ಆದರೆ ಕಥೆ ಕನ್ನಡಕ್ಕಷ್ಟೇ ಸೇರಿದ್ದಲ್ಲ. ಗುಜರಾತ, ರಾಜಸ್ಥಾನಗಳ ಹೆಂಗಸರು ಶ್ರಾವಣ-ಭಾದ್ರಪದದ ಬಹುಲಾ ಚೌತಿಯಂದು ಬಹುಲಾ ಎಂಬ ಆಕಳಿನ ಕಥೆ ಕೇಳುತ್ತಾರೆ. ಅಲ್ಲಿ ಅಡ್ಡಗಟ್ಟುವುದು ಸಿಂಹ, ಅದು ವೇಷ ಮರೆಸಿ ಬಂದ ಕೃಷ್ಣನೇ. ಪದ್ಮಪುರಾಣದ ಸೃಷ್ಟಿಖಂಡದಲ್ಲಿ ಆಕಳ ಹೆಸರು ನಂದಾ. ಹುಲಿ ಹಿಂದೆ ಪ್ರಭಂಜನ ಎಂಬ ಅರಸ. ಮರಿಗೆ ಮೊಲೆಯೂಡುತ್ತಿದ್ದ ಹುಲ್ಲೆಗೆ ಬಾಣ ಬಿಟ್ಟು, ಅದರ ಶಾಪದಿಂದ ಹುಲಿಯಾದವನು. ನಂದೆಯ ಹೆಸರು ಕಿವಿಗೆ ಬಿದ್ದೊಡನೆ ಅವನಿಗೆ ಶಾಪವಿಮೋಚನೆ.

ಇವುಗಳ ಪಕ್ಕದಲ್ಲಿಟ್ಟಾಗ ಕನ್ನಡ ಹಾಡಿನ ವಿಶೇಷ ಎದ್ದು ಕಾಣುತ್ತದೆ. ಅರ್ಬುತ ಶಾಪಕ್ಕೆ ಸಿಕ್ಕ ಅರಸನೂ ಅಲ್ಲ, ಯಾವ ದೇವರ ಪರೀಕ್ಷೆಯೂ ಅಲ್ಲ. ದಿನಗಟ್ಟಲೆ ಹಸಿದ ಒಂದು ಪ್ರಾಣಿ, ಅಷ್ಟೆ. ಅದರ ಎದೆ ಕರಗುವುದಕ್ಕೆ ಹೊರಗಿನಿಂದ ಯಾರೂ ಕೈಹಾಕುವುದಿಲ್ಲ. ಪುರಾಣದಲ್ಲಿ ಹುಲಿಗೆ ಸಿಗುವುದು ಬಿಡುಗಡೆ, ಇಲ್ಲಿ ಅದು ತಾನೇ ತೆಗೆದುಕೊಳ್ಳುವುದು ಸಾವು. ಸತ್ಯವಂತ ಆಕಳ ಹಾಡೆಂದು ಇದನ್ನು ಕಲಿಸಿದರೂ, ಕಥೆಯಲ್ಲಿ ಬದಲಾಗುವ ಪಾತ್ರ ಹುಲಿಯೊಂದೇ. ಬೇಟೆಯಾಡಿ ಬದುಕುವ ಪ್ರಾಣಿ ತನ್ನ ಹಸಿವಿಗಾಗಿ ಏಕೆ ಸಾಯಬೇಕು ಎಂದು ಇತ್ತೀಚಿನ ಓದುಗರು ಎತ್ತುವ ಆಕ್ಷೇಪವೂ ಇಲ್ಲಿಂದಲೇ ಹುಟ್ಟಿದ್ದು. ಅದನ್ನು ಸುಲಭವಾಗಿ ತಳ್ಳಿಹಾಕಲಾಗದು.

ಮಕ್ಕಳ ಪುಸ್ತಕದಿಂದ ಬಂದ ಇನ್ನೊಂದು ಪ್ರಸಿದ್ಧ ಸಂಗೀತಮಯ ಆನಿಮೇಷನ್‌ನಲ್ಲಿ ಹುಲಿಯ ಪಾಡು ಬೇರೆ. ಕಿಪ್ಲಿಂಗನ 1894ರ ಪುಸ್ತಕವನ್ನಾಧರಿಸಿ ಡಿಸ್ನಿ ಸಂಸ್ಥೆ 1967ರಲ್ಲಿ ತೆರೆಗೆ ತಂದ ‘ದಿ ಜಂಗಲ್ ಬುಕ್’ನಲ್ಲಿ ಶೇರ್ ಖಾನ್ ಮೊದಲಿಂದ ಕೊನೆಯವರೆಗೂ ಶತ್ರುವೇ. ಬೆಂಕಿಗೆ ಹೆದರಿ ಓಡುತ್ತಾನೆಯೇ ಹೊರತು ಮನಸ್ಸು ತಿರುಗುವುದಿಲ್ಲ.

ಛಂದಸ್ಸು ಮತ್ತು ಧಾಟಿ

 ಹಾಡು ಇಷ್ಟು ಕಾಲ ಬಾಯಲ್ಲಿ ನಿಂತದ್ದಕ್ಕೆ ಕಾರಣ ಅದರ ಛಂದಸ್ಸಿನಲ್ಲಿದೆ. ನಾಲ್ಕು ಸಾಲಿನ ನುಡಿಗಳು. ಸಾಲುಸಾಲಿಗೂ ಎರಡನೆಯ ಅಕ್ಷರದ ಪ್ರಾಸ. ನಡಿಗೆ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬರುವ ಮಿಶ್ರಗತಿ. ಗಣ ತುಂಬಿದ ಸಾಲಿಗೆ 14 ಮಾತ್ರೆ. ನಾಲ್ಕನೆಯ ಸಾಲು ಮೊಟಕು, ಅಲ್ಲಿ ಉಸಿರಿಗೆ ಬಿಡುವು. ಲೆಕ್ಕ ಎಲ್ಲ ಕಡೆಯೂ ಬಿಗಿಯಾಗಿಲ್ಲ. ಮಾತ್ರೆ ಕಡಿಮೆ ಬಿದ್ದಲ್ಲಿ ಹಾಡುವವರು ಸ್ವರ ಎಳೆದು ತುಂಬುತ್ತಾರೆ, ಹೆಚ್ಚಾದಲ್ಲಿ ನುಂಗುತ್ತಾರೆ. ಬರಹದಲ್ಲಿ ತಪ್ಪೆನಿಸುವುದು ಬಾಯಲ್ಲಿ ತಾಳಕ್ಕೆ ಸರಿಹೋಗುತ್ತದೆ.

ಈ ಮೂರು-ನಾಲ್ಕರ ನಡೆ, ಉದಾಹರಣೆಗೆ, ಧಾರವಾಡ ಜಿಲ್ಲೆಯ ಕಿವಿಗೆ ಹೊಸದಲ್ಲ. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು ಇದೇ 14 ಮಾತ್ರೆಯವು. ಮೂರು ಮತ್ತು ಆರನೆಯವು ಮಾತ್ರ 23 ಮಾತ್ರೆಗೆ ಬೆಳೆಯುತ್ತವೆ. ಆ ಛಂದಸ್ಸಿನಲ್ಲಿ ಭಾರತವನ್ನು ಬರೆದ ಕುಮಾರವ್ಯಾಸನ ಊರೆಂದು ಹೆಸರಾದದ್ದು ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡ.  ಗಮಕಿಯ ಭಾರತವಾಚನ ಕೇಳಿ ಬೆಳೆದ ಹಳ್ಳಿಯ ಮಗು ಶಾಲೆಯಲ್ಲಿ ‘ಗೋವಿನ ಹಾಡು’ ಎತ್ತಿಕೊಂಡಾಗ ನಡೆ ಮೊದಲೇ ಕೈಗೆ ಸಿಕ್ಕಿರುತ್ತಿತ್ತು. ಹಾಡಿನ ಭಾಷೆ ಮಾತ್ರ ಈ ಸೀಮೆಯ ಆಡುಮಾತಲ್ಲ. ನಡುಗನ್ನಡದ ಛಾಯೆಯಿರುವ ಗ್ರಾಂಥಿಕ ಕನ್ನಡ.

ಇನ್ನೊಂದು ಸಂಗತಿ: ಹಾಡಿನ ಬಹುಪಾಲು ಸಂಭಾಷಣೆ. ಆಕಳು-ಹುಲಿ, ಆಕಳು-ಕರು, ಆಕಳು-ಅಕ್ಕತಂಗಿಯರು. ಕರೆಯುವ, ಬೇಡುವ, ಬೀಳ್ಕೊಡುವ ಈ ಮಾತುಗಳೆಲ್ಲ ಒಂದೇ ಧಾಟಿಯಲ್ಲಿ ಓಡುತ್ತವೆ. ಸಂಗೀತ ಸಂಯೋಜಕನಿಗೆ ಇದು ಅನುಕೂಲವೂ ಹೌದು, ತೊಡಕೂ ಹೌದು. ದೃಶ್ಯಗಳು ಸಿದ್ಧವಾಗಿಯೇ ಸಿಗುತ್ತವೆ, ಆದರೆ ಕೇಳುಗರ ತಲೆಯಲ್ಲಿ ಕೂತ ಹಳೆಯ ಧಾಟಿಯ ಜೊತೆ ಪ್ರತಿ ಹೊಸ ರಾಗವೂ ಪೈಪೋಟಿ ಮಾಡಬೇಕು. ಸಂಸ್ಕೃತಕ್ಕೆ ಹೊರಳಿದಾಗ ಕನ್ನಡದ ಆದಿಪ್ರಾಸದ ಪಟ್ಟು ಸಹಜವಾಗಿಯೇ ಕೈತಪ್ಪುತ್ತದೆ. ಚಿತ್ರದ ದೊಡ್ಡ ನಷ್ಟ ಇದೇ ಎಂದು ಭಾವಿಸಲು ಅವಕಾಶವಿದೆ.

ಧಾರವಾಡದ ಹಳ್ಳಿಗಳ ಹಿನ್ನೆಲೆ

ಹಾಡಿನ ಭೂದೃಶ್ಯ ಗುಡ್ಡ, ಗವಿ, ಅಡವಿಗಳದು. ಧಾರವಾಡ ಜಿಲ್ಲೆಯಲ್ಲಿ ಕಲಘಟಗಿಯ ಅರೆಮಲೆನಾಡಿಗೆ ಅದು ಹೊಂದುತ್ತದೆ. ನವಲಗುಂದ, ಅಣ್ಣಿಗೇರಿಯ ಎರೆಹೊಲಗಳ ಬಯಲಿಗೆ ಅಲ್ಲ. ಬಯಲುಸೀಮೆಯ ದನದ ಪದಗಳ ನಡುವೆ ಹಾಲುಣಿಸುವ ಆಕಳಿಗಿಂತ ದುಡಿಯುವ ಎತ್ತೇ ಮುಂದು. ಕಾರಹುಣ್ಣಿಮೆಗೆ ಎತ್ತುಗಳ ಸಿಂಗಾರ, ಅದರ ಬೆನ್ನಿಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಎತ್ತುಗಳ ಪೂಜೆ. ಸುಗ್ಗಿಯ ಇರುಳಲ್ಲಿ ಕಣದ ಮೇಟಿಯ ಸುತ್ತ ಎತ್ತುಗಳು ತೆನೆ ತುಳಿಯುವಾಗ ಹಾಡುತ್ತಿದ್ದ ಹಂತಿ ಪದಗಳಂತೂ ದನ ಮತ್ತು ಹಾಡುಗಾರ ಕೂಡಿಯೇ ನಡೆಸುತ್ತಿದ್ದ ಕಲೆ. ರಾಶಿ ಯಂತ್ರ ಬಂದ ಮೇಲೆ ಹಂತಿಯೂ ನಿಂತಿತು, ಪದಗಳೂ ಕಣ ಬಿಟ್ಟು ವೇದಿಕೆ ಸೇರಿದವು. ‘ಗೋವಿನ ಹಾಡು’ ಈ ಸೀಮೆಯಲ್ಲಿ ಬೇರೂರಿದ್ದು ಕಣದ ದಾರಿಯಿಂದಲ್ಲ, ಮುಖ್ಯವಾಗಿ ಶಾಲೆಯ ದಾರಿಯಿಂದ ಎನ್ನುವುದು ಹೆಚ್ಚು ಸಂಭವನೀಯ.

ಚಿತ್ರ

ಸಂಸ್ಕೃತ ಚಿತ್ರಗಳ ಸಾಲು ಚಿಕ್ಕದು, ಅದರ ಆರಂಭದಲ್ಲೂ ಕನ್ನಡಿಗರಿದ್ದಾರೆ. ಮೊದಲ ಸಂಸ್ಕೃತ ಕಥಾಚಿತ್ರ ‘ಆದಿ ಶಂಕರಾಚಾರ್ಯ’ವನ್ನು (1983) ನಿರ್ದೇಶಿಸಿದವರು ಜಿ.ವಿ. ಅಯ್ಯರ್. ‘ಪುಣ್ಯಕೋಟಿ’ ಅದೇ ಸಾಲಿಗೆ ಸೇರಿದರೂ ವಸ್ತುವನ್ನು ಶಾಸ್ತ್ರದಿಂದಲ್ಲ, ಜನಪದದಿಂದ ತೆಗೆದುಕೊಂಡಿತು. ಹಾಡಿಕೊಂಡರೆ ಕೆಲವೇ ನಿಮಿಷಗಳಲ್ಲಿ ಮುಗಿಯುವ ಪಠ್ಯವನ್ನು ಪೂರ್ಣ ಚಿತ್ರಕ್ಕೆ ಹಿಗ್ಗಿಸಬೇಕಾದಾಗ ಹಾಡು ಹೇಳದೆ ಬಿಟ್ಟದ್ದನ್ನೆಲ್ಲ ತುಂಬಿಕೊಡಬೇಕಾಗುತ್ತದೆ.

ಇತರ ರೂಪಗಳು

ಎಸ್.ಎಲ್. ಭೈರಪ್ಪನವರ ಕಾದಂಬರಿ ‘ತಬ್ಬಲಿಯು ನೀನಾದೆ ಮಗನೆ’ (1968) ತನ್ನ ಶೀರ್ಷಿಕೆಯನ್ನು ಪುಣ್ಯಕೋಟಿ ಕರುವಿಗೆ ಆಡುವ ಮಾತಿನಿಂದ ಪಡೆದಿದೆ. ಅದನ್ನು 1977ರಲ್ಲಿ ತೆರೆಗೆ ತಂದವರು ಬಿ.ವಿ. ಕಾರಂತ ಮತ್ತು ಧಾರವಾಡದಲ್ಲಿ ಓದಿದ ಗಿರೀಶ ಕಾರ್ನಾಡ. ಹಿಂದಿಯಲ್ಲಿ ‘ಗೋಧೂಳಿ’ ಎಂಬ ಹೆಸರಿನಲ್ಲಿ ಬಂತು. ಆನಿಮೇಷನ್ ಅಲ್ಲದಿದ್ದರೂ ಹಾಡನ್ನು ದೊಡ್ಡವರ ಚರ್ಚೆಗೆ ಎಳೆತಂದ ಕೃತಿಗಳಿವು.  ಯೂಟ್ಯೂಬ್‌ನಲ್ಲಿ ಶಿಶುಗೀತೆ ತಯಾರಕರು ಹಾಕಿರುವ ಕಿರು ಆನಿಮೇಷನ್‌ಗಳೂ ಹಲವು. ಇವು ಕನ್ನಡದಲ್ಲಿವೆ, ಹಳೆಯ ಧಾಟಿಯನ್ನು ಬಿಟ್ಟಿಲ್ಲ. ಹಳ್ಳಿಮನೆಯ ಮೊಬೈಲ್‌ನಲ್ಲಿ ಮಕ್ಕಳು ನೋಡುವ ಪುಣ್ಯಕೋಟಿ ಬಹುಮಟ್ಟಿಗೆ ಈ ಕಿರುಚಿತ್ರಗಳದ್ದೇ, ಸಂಸ್ಕೃತ ಚಿತ್ರದ್ದಲ್ಲ.