ಕೆಮ್ಮಣ್ಣಿನ ದಾರಿಗಿಳಿದ ಸ್ಪೋರ್ಟ್ಸ್ ಕಾರು: ಸಫಾರಿ ರ‍್ಯಾಲಿ ಮತ್ತು ಇಬ್ಬರು ವಲಸಿಗರ ಕಥೆ

ಸ್ಪೋರ್ಟ್ಸ್ ಕಾರು ಅಂದ ಕೂಡಲೇ ಕಣ್ಣಿಗೆ ಬರೋದು ನೆಲಕ್ಕೆ ಅಂಟಿಕೊಂಡಂಥ ಮೈ, ನುಣುಪಾದ ಡಾಂಬರು ರಸ್ತೆ. ಅಂಥ ಕಾರನ್ನು ಯಾರಾದರೂ ಜಲ್ಲಿಕಲ್ಲಿನ ದಾರಿಗೆ ಇಳಿಸಿದರೆ "ತಲೆ ಕೆಟ್ಟಿದೆಯಾ?" ಅಂತ ಕೇಳುತ್ತೇವೆ. ಆದರೆ 2022ರಲ್ಲಿ ಪೋರ್ಶೆ ಕಂಪನಿ '911 ಡಕಾರ್' ಅನ್ನೋ ಕಾರನ್ನೂ, ಲ್ಯಾಂಬೊರ್ಗಿನಿ 'ಹುರಾಕಾನ್ ಸ್ಟೆರಾಟೋ' ಅನ್ನೋ ಕಾರನ್ನೂ ಹೊರತಂದವು. ಎರಡೂ ನಂಬರ್ ಪ್ಲೇಟ್ ಹಾಕಿಕೊಂಡು ಊರಲ್ಲಿ ಓಡಾಡಬಹುದಾದ ಕಾರುಗಳು. ಆದರೆ ಮಣ್ಣುದಾರಿಗೂ ಆಗಲಿ ಅಂತ ಎತ್ತರಿಸಿದವು.

ಇದು ಹೊಸ ಹುಚ್ಚು ಅನ್ನಿಸಬಹುದು. ಹೊಸದೇನಲ್ಲ. ಈ ಹುಚ್ಚಿಗೆ ಒಂದು ದೊಡ್ಡ ಪಾಠಶಾಲೆ ಪೂರ್ವ ಆಫ್ರಿಕಾದಲ್ಲಿತ್ತು. ಅಲ್ಲಿ ಮತ್ತೆ ಮತ್ತೆ ಗೆದ್ದವರಲ್ಲಿ ಇಬ್ಬರು ನಮ್ಮ ಹಾಗೆಯೇ, ಭಾರತ ಬಿಟ್ಟು ಬಂದ ಮನೆಗಳ ಮಕ್ಕಳು. ಈ ಸಲ ಅವರ ಕಥೆ.

ರಾಣಿಯ ಪಟ್ಟಾಭಿಷೇಕ, ಅಂಗಡಿಯ ಕಾರು

1953ರಲ್ಲಿ ಎರಡನೇ ಎಲಿಜಬೆತ್ ರಾಣಿಯ ಪಟ್ಟಾಭಿಷೇಕ. ಆಗ ಕೆನ್ಯಾ, ಉಗಾಂಡಾ, ಟಾಂಗನಿಕಾ ಮೂರೂ ಬ್ರಿಟಿಷರ ಕೈಯಲ್ಲಿದ್ದವು. ಸಂಭ್ರಮಕ್ಕೆ ಅಂತ ಈ ಮೂರೂ ನಾಡುಗಳನ್ನು ಸುತ್ತುವ ಕಾರು ಸ್ಪರ್ಧೆಯೊಂದು ಶುರುವಾಯಿತು. ಹೆಸರು ಈಸ್ಟ್ ಆಫ್ರಿಕನ್ ಕೊರೊನೇಷನ್ ಸಫಾರಿ. 1960ರಲ್ಲಿ ಅದು ಈಸ್ಟ್ ಆಫ್ರಿಕನ್ ಸಫಾರಿ ಆಯಿತು, 1974ರಲ್ಲಿ ಸಫಾರಿ ರ‍್ಯಾಲಿ.

ಮೊದಮೊದಲು ಕಾರುಗಳ ವರ್ಗ ಮಾಡಿದ್ದು ಎಂಜಿನ್ ನೋಡಿ ಅಲ್ಲ, ಬೆಲೆ ನೋಡಿ! ನೀವು ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವ ಕಾರು ಇಲ್ಲಿನ ರಸ್ತೆಗೆ ತಾಳುತ್ತದೋ ಇಲ್ಲವೋ ಅನ್ನೋದೇ ಮುಖ್ಯ ಪ್ರಶ್ನೆ. ರಸ್ತೆಯನ್ನು ಯಾರಿಗೂ ಮುಚ್ಚುತ್ತಿರಲಿಲ್ಲ. ಎದುರಿಗೆ ಲಾರಿ ಬರಬಹುದು, ದನ ಬರಬಹುದು, ಜಿರಾಫೆ ಕೂಡ ಬರಬಹುದು. ಹಾಗಾಗಿ ಸ್ಪರ್ಧೆಯ ಕಾರೂ ನಂಬರ್ ಪ್ಲೇಟ್ ಇರುವ, ಕಾನೂನಿಗೆ ಒಪ್ಪಿತವಾದ ಕಾರೇ ಆಗಬೇಕಿತ್ತು.

ನಮಗೆ ಗೊತ್ತಿರುವ ಮಣ್ಣು

ಅಲ್ಲಿನ ಕೆಂಪು ಗೊಚ್ಚುಮಣ್ಣಿನ ರಸ್ತೆಗೆ 'ಮುರಮ್' ರಸ್ತೆ ಅನ್ನುತ್ತಾರೆ. ನಮ್ಮೂರಲ್ಲಿ ಮನೆ ಕಟ್ಟಿಸಿದವರಿಗೆ, ರಸ್ತೆ ಕಂಟ್ರಾಕ್ಟರುಗಳಿಗೆ ಈ ಪದ ಚೆನ್ನಾಗಿ ಗೊತ್ತು. ಇನ್ನೊಂದು ಕಪ್ಪು ಮಣ್ಣು. ಅದು ಧಾರವಾಡ, ಗದಗ, ವಿಜಯಪುರ ಕಡೆಯ ಎರೆಮಣ್ಣಿನ ಅಣ್ಣ ತಮ್ಮ. ಒಣಗಿದರೆ ಬಿರುಕು, ನೆನೆದರೆ ಅಂಟು. ಎರೆ ಹೊಲದಲ್ಲಿ ಮಳೆಗಾಲಕ್ಕೆ ನಡೆದವರನ್ನು ಕೇಳಿ, ಚಪ್ಪಲಿಗೆ ಎರಡು ಕೆಜಿ ಮಣ್ಣು ಹತ್ತಿರುತ್ತೆ. ಚಕ್ರಕ್ಕೂ ಅದೇ ಗತಿ.

ಸ್ಪರ್ಧೆ ನಡೆಯುತ್ತಿದ್ದದ್ದು ಈಸ್ಟರ್ ಸಮಯದಲ್ಲಿ. ಅಲ್ಲಿ ದೊಡ್ಡ ಮಳೆ ಶುರುವಾಗೋದೂ ಆಗಲೇ. ಹಾಗಾಗಿ ಒಂದು ವರ್ಷ ಬರೀ ಧೂಳು, ಇನ್ನೊಂದು ವರ್ಷ ಬರೀ ಕೆಸರು. 1963ರಲ್ಲಿ ಹೊರಟ ಕಾರು 84, ಮುಗಿಸಿದ್ದು 7. 1968ರಲ್ಲಿ ಹೊರಟದ್ದು 93, ಮುಗಿಸಿದ್ದು ಮತ್ತೆ 7. ಎರಡು ಸಲವೂ ಗೆದ್ದದ್ದು ನಿಕ್ ನೊವಿಕಿ, ಓಡಿಸಿದ್ದು ಪೂಜೋ 404 ಅನ್ನೋ ಸಂಸಾರಸ್ಥರ ಕಾರು.

ಜೋರಾಗಿ ಓಡುವ ಕಾರಿಗೆ ಇಲ್ಲಿ ಏನಾಗುತ್ತದೆ? ಒಣ ಮಣ್ಣಿನ ರಸ್ತೆ ಗಾಡಿಗಳ ಓಡಾಟಕ್ಕೆ ತಗಡಿನ ಶೀಟಿನ ಹಾಗೆ ಅಲೆ ಅಲೆ ಏಳುತ್ತದೆ. ನಿಧಾನ ಹೋದರೆ ಹಲ್ಲು ಉದುರುವಷ್ಟು ನಡುಕ. ವೇಗ ಹೆಚ್ಚಿಸಿದರೆ ಚಕ್ರ ಅಲೆಗಳ ತುದಿಯಿಂದ ತುದಿಗೆ ತೇಲುತ್ತದೆ, ನಡುಕ ಕಡಿಮೆ. ಆದರೆ ಚಕ್ರ ನೆಲ ಹಿಡಿಯೋದೂ ಅಷ್ಟೇ ಕಡಿಮೆ. ಬ್ರೇಕು, ಸ್ಟೀರಿಂಗು ಎರಡೂ ಹೇಳಿದ ಮಾತು ಕೇಳಲ್ಲ.

ಅಷ್ಟರಲ್ಲಿ ಶಾಕ್ ಅಬ್ಸಾರ್ಬರ್ ಒಳಗಿನ ಎಣ್ಣೆ ಕಾದು ತೆಳ್ಳಗಾಗುತ್ತದೆ. ಸ್ಪ್ರಿಂಗಿನ ಕುಣಿತ ತಡೆಯುವವರೇ ಇಲ್ಲ. ಬೆಸುಗೆ ಬಿಡುತ್ತದೆ. ಒಂದು ಕಲ್ಲು ಕೆಳಗಿನ ಆಯಿಲ್ ಸಂಪಿಗೆ ಬಡಿದರೆ ಎಣ್ಣೆಯೆಲ್ಲ ಸೋರಿ ಎಂಜಿನ್ ಕಚ್ಚಿಕೊಳ್ಳುತ್ತದೆ. ತಗ್ಗಾದ ಸ್ಪೋರ್ಟ್ಸ್ ಕಾರಿಗೆ ಆ ಕಲ್ಲು ಮೊದಲು ಸಿಗುತ್ತದೆ. ಅದಕ್ಕೇ ಕಾರನ್ನು ಎತ್ತರಿಸಿದರು, ಅಡಿಗೆ ದಪ್ಪ ಲೋಹದ ತಟ್ಟೆ ಕಟ್ಟಿದರು, ಬಾಡಿಯ ಜೋಡಣೆಗಳಿಗೆ ಮತ್ತೆ ಬೆಸುಗೆ ಹಾಕಿದರು. 1978ರ ಸಫಾರಿಗೆ ಬಂದ ಪೋರ್ಶೆ 911 ನೆಲದಿಂದ ಸುಮಾರು 28 ಸೆಂಟಿಮೀಟರ್ ಮೇಲಿತ್ತು.

ಗ್ಯಾರೇಜಿನ ಹುಡುಗ

ಕೆನ್ಯಾದಲ್ಲಿ ಭಾರತೀಯರು ಅಷ್ಟೊಂದು ಯಾಕೆ? 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ತನಕ ಬ್ರಿಟಿಷರು ರೈಲು ಹಳಿ ಹಾಕಿಸಿದರು. ಅದಕ್ಕಾಗಿ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಯವರನ್ನು ಭಾರತದಿಂದ ಕರೆತಂದರು. ಹೆಚ್ಚಿನವರು ಪಂಜಾಬಿನವರು. ಬಹಳ ಜನ ವಾಪಸ್ ಹೋದರು, ಕೆಲವರು ಉಳಿದರು, ಆಮೇಲೆ ಬಡಗಿಗಳು, ಕಮ್ಮಾರರು, ವ್ಯಾಪಾರಿಗಳು ಬಂದರು.

ಹಾಗೆ ಆಮೇಲೆ ಬಂದ ಪಂಜಾಬಿ ಮನೆಯೊಂದರಲ್ಲಿ, ಚಹಾ ತೋಟಗಳ ಊರಾದ ಕೆರಿಚೋದಲ್ಲಿ, 1932ರಲ್ಲಿ ಜೋಗಿಂದರ್ ಸಿಂಗ್ ಹುಟ್ಟಿದರು. ಅಪ್ಪನ ಗ್ಯಾರೇಜಿನಲ್ಲಿ ಕೈಗೆ ಗ್ರೀಸು ಹತ್ತಿಸಿಕೊಂಡೇ ಬೆಳೆದರು. 1965ರಲ್ಲಿ ತಮ್ಮ ಜಸ್ವಂತನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೆಕೆಂಡ್ ಹ್ಯಾಂಡ್ ವೋಲ್ವೋ ಪಿವಿ544 ಓಡಿಸಿ ಸಫಾರಿ ಗೆದ್ದರು. ಕೆನ್ಯಾಕ್ಕೆ ಸ್ವಾತಂತ್ರ್ಯ ಬಂದು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ.

1974ರಲ್ಲಿ ಅವರದು ಮಿತ್ಸುಬಿಷಿ ಲ್ಯಾನ್ಸರ್, 1600 ಸಿಸಿ. ಎದುರಾಳಿ ಸ್ವೀಡನ್ನಿನ ಬ್ಯೋರ್ನ್ ವಾಲ್ಡೆಗಾರ್ಡ್, ಅವರದು 2700 ಸಿಸಿಯ ಪೋರ್ಶೆ. ಮುಂದಿದ್ದ ಪೋರ್ಶೆಯ ಸಸ್ಪೆನ್ಷನ್ ಕೈಕೊಟ್ಟಿತು, ಲ್ಯಾನ್ಸರ್ ಗೆದ್ದಿತು. 1976ರಲ್ಲಿ ಅದೇ ಜಾತಿಯ ಕಾರಿನಲ್ಲಿ ಮೂರನೇ ಗೆಲುವು. ಜಗತ್ತು ಅವರನ್ನು 'ಫ್ಲೈಯಿಂಗ್ ಸಿಖ್' ಅಂತ ಕರೆಯಿತು. ಸ್ಥಳೀಯರು ಕರೆದದ್ದು 'ಸಿಂಬಾ' ಅಂತ, ಸ್ವಾಹಿಲಿಯಲ್ಲಿ ಸಿಂಹ. ನನಗೆ ಎರಡನೇ ಹೆಸರೇ ದೊಡ್ಡದು ಅನ್ನಿಸುತ್ತೆ. ಮೊದಲನೆಯದು ಅವರ ಮೂಲ ಹೇಳುತ್ತದೆ, ಎರಡನೆಯದು ಅವರನ್ನು ಅಲ್ಲಿಯವರು ಅನ್ನುತ್ತದೆ.

ಊರು ಕಳೆದುಕೊಂಡವ

ಶೇಖರ್ ಮೆಹ್ತಾ ಹುಟ್ಟಿದ್ದು 1945ರಲ್ಲಿ, ಉಗಾಂಡಾದಲ್ಲಿ. 1971ರ ಸಫಾರಿಯಲ್ಲಿ ಅವರು ಡಾಟ್ಸನ್ 240ಝಡ್ ಓಡಿಸಿ ಎರಡನೆಯವರಾದರು. ಉದ್ದ ಮೂತಿ, ಆರು ಸಿಲಿಂಡರು, 2.4 ಲೀಟರ್ ಎಂಜಿನ್: ಸಿನಿಮಾ ಹೀರೋ ಓಡಿಸುವಂಥ ಕಾರು. ಮೊದಲು ಬಂದ ಎಡ್ಗರ್ ಹೆರ್ಮನ್ ಕಾರೂ ಅದೇ ಮಾದರಿ. ಸ್ಪೋರ್ಟ್ಸ್ ಕಾರು ಮಣ್ಣಿಗಾಗಲ್ಲ ಅಂದವರ ಬಾಯಿ ಆವತ್ತು ಮುಚ್ಚಿತು. ಹೆರ್ಮನ್ನರ ಆ ಕಾರು ಈಗಲೂ ಜಪಾನಿನಲ್ಲಿ ನಿಸ್ಸಾನ್ ಸಂಗ್ರಹದಲ್ಲಿದೆ.

ಮರುವರ್ಷ ಆಗಸ್ಟಿನಲ್ಲಿ ಇದಿ ಅಮೀನ್ ಉಗಾಂಡಾದ ಏಷ್ಯನ್ನರಿಗೆ 90 ದಿನ ಗಡುವು ಕೊಟ್ಟ. ಮನೆ, ಅಂಗಡಿ, ತೋಟ ಎಲ್ಲ ಬಿಟ್ಟು ಹೊರಡಿ ಅಂದ. ಹತ್ತಾರು ಸಾವಿರ ಜನ ಬ್ರಿಟನ್, ಕೆನಡಾ, ಭಾರತ ಅಂತ ಚೆದುರಿಹೋದರು. ಈ ಓದುಗರಲ್ಲೂ ಆ ಮನೆಗಳವರ ಪಕ್ಕದಲ್ಲಿ ಬೆಳೆದವರು ಇರಬಹುದು. ಮೆಹ್ತಾ ಕೆನ್ಯಾಕ್ಕೆ ಬಂದರು.

1973ರ ಈಸ್ಟರ್. ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ ಶುರುವಾದ ವರ್ಷವೂ ಅದೇ, ಸಫಾರಿ ಅದರ ಒಂದು ಸುತ್ತು. ಮೆಹ್ತಾ ಮತ್ತೆ 240ಝಡ್‌ನಲ್ಲಿ. ಕೊನೆಗೆ ನೋಡಿದರೆ ಅವರದೂ ಸ್ವೀಡನ್ನಿನ ಹ್ಯಾರಿ ಶೆಲ್‌ಸ್ಟ್ರೋಮ್‌ದೂ ದಂಡದ ಅಂಕ ಸಮಸಮ! ಯಾರು ಹೆಚ್ಚು ದೂರ ಒಂದೂ ಅಂಕ ಕಳೆದುಕೊಳ್ಳದೆ ಬಂದಿದ್ದರೋ ಅವರಿಗೆ ಗೆಲುವು ಅನ್ನೋ ನಿಯಮದಂತೆ ಮೆಹ್ತಾ ಗೆದ್ದರು. ದೇಶ ಬಿಟ್ಟು ಒಂದು ವರ್ಷವೂ ಆಗಿರಲಿಲ್ಲ. ಆಮೇಲೆ 1979ರಿಂದ 1982ರವರೆಗೆ ಸತತ ನಾಲ್ಕು ಸಲ ಗೆದ್ದರು. ಒಟ್ಟು ಐದು, ಇದು ಸಫಾರಿಯ ದಾಖಲೆ.

ಗೆಲ್ಲದ ಕಾರು

ಪೋರ್ಶೆ ಕಥೆ ಬೇರೆ. 1972, 1974, 1978: ಮೂರು ಸಲವೂ ಎರಡನೇ ಸ್ಥಾನ. ವಿಶ್ವ ಚಾಂಪಿಯನ್‌ಷಿಪ್ಪಿನ ಸಫಾರಿಯನ್ನು 911 ಒಮ್ಮೆಯೂ ಗೆಲ್ಲಲಿಲ್ಲ. ಆದರೆ ಅಲ್ಲಿ ಕಲಿತ ಪಾಠ ವ್ಯರ್ಥವಾಗಲಿಲ್ಲ. ಎಂಜಿನ್ ಹಿಂದಿರುವುದರಿಂದ ಅದರ ಭಾರ ತಿರುಗಿಸುವ ಚಕ್ರದ ಮೇಲೇ ಬೀಳುತ್ತದೆ, ಜಾರು ಮಣ್ಣಿನಲ್ಲಿ ಹಿಡಿತ ಸಿಗುತ್ತದೆ. 1984ರಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟ, ಎತ್ತರಿಸಿದ 911 ಪ್ಯಾರಿಸ್–ಡಕಾರ್ ಗೆದ್ದಿತು. ಮೊದಲು ಹೇಳಿದ 2022ರ ಕಾರಿನ ಹೆಸರು ಬಂದದ್ದು ಅಲ್ಲಿಂದ.

ಸಫಾರಿ 2002ರ ನಂತರ ವಿಶ್ವ ಪಟ್ಟಿಯಿಂದ ಹೊರಬಿತ್ತು, 2021ರಲ್ಲಿ ವಾಪಸ್ ಬಂತು. ಈಗ ಸ್ಪರ್ಧೆಯ ದಾರಿಗಳನ್ನು ಮುಚ್ಚಿ ಓಡಿಸುತ್ತಾರೆ. ಅದು ಸರಿಯೇ. ಊರ ಮಧ್ಯೆ ಆ ವೇಗದಲ್ಲಿ ಕಾರು ಓಡಿಸುವುದರ ಅಪಾಯ ಸ್ಪರ್ಧಿಗಳದ್ದಷ್ಟೇ ಅಲ್ಲ, ದಾರಿ ಬದಿಯವರದ್ದೂ ಆಗಿತ್ತು.

ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುದಾರಿಗಳಲ್ಲೂ ರ‍್ಯಾಲಿ ನಡೆಯುತ್ತದೆ. ರಜೆಗೆ ಊರಿಗೆ ಹೋದಾಗ ಅಂಥ ದಾರಿಯಲ್ಲಿ ಕಾರಿನ ಅಡಿಗೆ 'ಟಣ್' ಅಂತ ಕಲ್ಲು ಬಡಿದರೆ ಈ ಇಬ್ಬರನ್ನು ನೆನೆಯಿರಿ. ಜೋಗಿಂದರ್ 2013ರಲ್ಲಿ, ಮೆಹ್ತಾ 2006ರಲ್ಲಿ ತೀರಿಕೊಂಡರು, ಇಬ್ಬರೂ ಲಂಡನ್ನಿನಲ್ಲಿ. "ನೀವು ಎಲ್ಲಿಯವರು?" ಅಂತ ನಮ್ಮನ್ನು ಕೇಳುವ ಹಾಗೆ ಅವರನ್ನೂ ಎಷ್ಟೋ ಜನ ಕೇಳಿರಬೇಕು. ಕೆನ್ಯಾದ ರಸ್ತೆ ಬದಿಯಲ್ಲಿ ನಿಂತು ಧೂಳು ಕುಡಿದು ಕೂಗಿದ ಜನಕ್ಕೆ ಆ ಪ್ರಶ್ನೆ ಬೇಕಾಗಲಿಲ್ಲ.